ಸಂದಿಲ್ಲದ ನೆಲ

ಯಾರದಾದರೂ ಹೊಸ ಮನೆಗೆ ಹೋದರೆ ಜನ ಮೊದಲು ಗೋಡೆಯ ಬಣ್ಣ ನೋಡುತ್ತಾರೆ, ಟೀವಿ ಎಷ್ಟು ದೊಡ್ಡದು ಎಂದು ನೋಡುತ್ತಾರೆ, ಹೆಣ್ಣುಮಕ್ಕಳಾದರೆ ಅಡುಗೆಮನೆಯ ಕಡೆ ಕತ್ತು ಉದ್ದ ಮಾಡುತ್ತಾರೆ. ನಾನು ನೆಲ ನೋಡುತ್ತೇನೆ. ನೋಡುತ್ತೇನೆ ಅನ್ನುವುದೂ ಪೂರ್ತಿ ನಿಜವಲ್ಲ. ಚಪ್ಪಲಿ ಬಿಟ್ಟ ಕೂಡಲೇ ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಸವರಿ ನೋಡುತ್ತೇನೆ. ಇದೊಂದು ಚಾಳಿಯಾಗಿ ಹೋಗಿದೆ. ಮೊನ್ನೆ ತಂಗಿಯ ಮಗಳ ಮನೆಯ ವಾಸ್ತುಶಾಂತಿಗೆ ಹೋದಾಗ ಆ ಹುಡುಗಿ ಇದನ್ನು ಕಂಡುಬಿಟ್ಟಳು.

"ದೊಡ್ಡವ್ವಾ, ಕಾಲಾಗ ಏನರ ಚುಚ್ಚೇತೇನ?"

"ಇಲ್ಲವ್ವಾ, ಸುಮ್ಮನ ನೆಲಾ ನೋಡಾಕತ್ತಿದ್ದೆ."

"ಕಾಲಿಲೆ ಯಾರರ ನೋಡತಾರೇನ?" ಎಂದು ಆಕೆ ನಕ್ಕಳು. ನೋಡುವವರಿದ್ದರು ಎಂದು ಹೇಳಬೇಕೆಂದು ಬಾಯಿಗೆ ಬಂದಿತ್ತು. ಆದರೆ ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿ ಅಷ್ಟು ಉದ್ದದ ಕಥೆ ಯಾರು ಕೇಳುತ್ತಾರೆ? ನಿಮಗೆ ಪುರಸೊತ್ತು ಇದ್ದಂತಿದೆ, ನಿಮಗೆ ಹೇಳುತ್ತೇನೆ.

ನೆಲದ ವಿಷಯದಲ್ಲಿ ನನ್ನ ಹಟ ಇಂದಿನದಲ್ಲ. ನಾನು ಹುಟ್ಟಿ ಬೆಳೆದದ್ದು ಶಿರಗುಪ್ಪಿಯಲ್ಲಿ, ಹೆಂಡಿ ಸಾರಿಸಿದ ನೆಲದ ಮೇಲೆ. ಹದಿನೈದು ದಿನಕ್ಕೊಮ್ಮೆ ನಮ್ಮ ಅಜ್ಜಿ ಬುಟ್ಟಿಯ ತುಂಬ ಸೆಗಣಿ ಕಲೆಸಿಕೊಂಡು, ಮೊಣಕಾಲೂರಿ, ಹಿಂದಕ್ಕೆ ಸರಿಯುತ್ತ ಸರಿಯುತ್ತ ಪಡಸಾಲೆಯನ್ನೆಲ್ಲ ಸಾರಿಸಿ ಮುಗಿಸುತ್ತಿದ್ದಳು. ಆಕೆಯ ಕೈ ಹೋದಲ್ಲೆಲ್ಲ ಅರ್ಧಚಂದ್ರದ ಗೆರೆಗಳು ಮೂಡುತ್ತಿದ್ದವು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕೆನ್ನೆಯೊತ್ತಿ ಮಲಗಿ ಎದ್ದರೆ ಆ ಗೆರೆಗಳು ಕೆನ್ನೆಯ ಮೇಲೂ ಇರುತ್ತಿದ್ದವು. ಸಾಲೆಯಲ್ಲಿ ಗೆಳತಿಯರು ನಗುತ್ತಿದ್ದರು. ನನಗೂ ಸಾರಿಸುವುದನ್ನು ಕಲಿಸಲು ಅಜ್ಜಿ ಬಹಳ ಒದ್ದಾಡಿದಳು. ನನ್ನ ಗೆರೆಗಳು ಒಂದರ ಮೇಲೊಂದು ಬಿದ್ದು ಕೋಳಿ ಕೆದರಿದಂತೆ ಕಾಣುತ್ತಿದ್ದುದರಿಂದ, ಕಡೆಗೆ ಜೋಳದ ಚೀಲ ಇಡುವ ಮೂಲೆಯನ್ನು ನನಗೆ ಬಿಟ್ಟುಕೊಟ್ಟಳು. ಅಲ್ಲಿ ಯಾರೂ ನೋಡುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಿಗೆ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಗಂಡನಿಗೆ ರೈಲ್ವೆಯಲ್ಲಿ ನೌಕರಿ, ನನಗೆ ಒಂದು ವಿಮಾ ಕಚೇರಿಯಲ್ಲಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಾವನವರು ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮನೆಯ ತುಂಬ ಶಹಾಬಾದಿ ಫರಸಿ. ಕಪ್ಪು ಮಿಶ್ರಿತ ಬೂದಿ ಬಣ್ಣದ ಆ ಕಲ್ಲುಹಾಸು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಅದಕ್ಕಿಂತ ತಣ್ಣಗೆ. ಒಂದೂ ಫರಸಿ ಇನ್ನೊಂದರಷ್ಟು ಇರಲಿಲ್ಲ. ಕೂಡಿಸಿದ ಗೌಂಡಿ ಯಾವ ಅವಸರದಲ್ಲಿದ್ದನೋ, ಎರಡು ಫರಸಿಗಳ ನಡುವೆ ಕಿರುಬೆರಳು ಇಳಿಯುವಷ್ಟು ಸಂದು ಬಿಟ್ಟಿದ್ದ. ತುಂಬಿದ್ದ ಸಿಮೆಂಟು ವರ್ಷಗಟ್ಟಲೆ ತೊಳೆದು ತೊಳೆದು ಅರ್ಧ ಎದ್ದುಹೋಗಿತ್ತು.

ಆ ಸಂದುಗಳಿಗೂ ನನಗೂ ಹದಿಮೂರು ಹದಿನಾಲ್ಕು ವರ್ಷ ಜಗಳ ನಡೆಯಿತು. ಸಾಸಿವೆ ಬಿದ್ದರೆ ಸಂದಿಗೆ, ಸಕ್ಕರೆ ಬಿದ್ದರೆ ಸಂದಿಗೆ, ಸಕ್ಕರೆಯ ಹಿಂದೆ ಇರುವೆ ಸಂದಿಗೆ. ರವಿವಾರ ಬಂತೆಂದರೆ ಹಳೆಯ ಹಲ್ಲುಜ್ಜುವ ಬ್ರಶ್ ಹಿಡಿದುಕೊಂಡು ನೆಲಕ್ಕೆ ಮೂಗು ತಾಗಿಸಿ ಕೂಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ನೆಲಕ್ಕ ಹಲ್ಲು ತಿಕ್ಕಾಕತ್ತೀಯೇನ ಸುಮಿತ್ರಾ? ಒಂದೀಟ ಬಾಯೀನೂ ಮುಕ್ಕಳಸ ಹಂಗಾರ" ಅನ್ನುತ್ತಿದ್ದರು. ನಗಿಸುವ ಮಾತೇ. ಆದರೆ ನನಗೆ ಆಗ ನಗು ಬರುತ್ತಿರಲಿಲ್ಲ. ಕಚೇರಿಯ ಗೆಳತಿಯರೆಲ್ಲ ಒಬ್ಬೊಬ್ಬರಾಗಿ ಬಿಳಿಯ ಟೈಲ್ಸ್ ಹಾಕಿಸಿಕೊಂಡು ಮುಗಿದಿತ್ತು. ನಾನು ಮಾತ್ರ ಇನ್ನೂ ಫರಸಿಯಲ್ಲೇ ಇದ್ದೆ.

ಹೀಗಿರುವಾಗ ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಹೊಸ ಬಟ್ಟೆಯಂಗಡಿ ತೆರೆಯಿತು. ಕಚೇರಿಯ ಶಾಂತಾ ನನ್ನನ್ನು ಎಳೆದುಕೊಂಡು ಹೋದಳು. ಗಾಜಿನ ಬಾಗಿಲು ದೂಡಿ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ನಾನು ಗಕ್ಕನೆ ನಿಂತು ಸೀರೆಯನ್ನು ಗೇಣುದ್ದ ಮೇಲೆತ್ತಿ ಹಿಡಿದೆ. ನೆಲದ ತುಂಬ ನೀರು ನಿಂತಿತ್ತು. ಅಂಗಡಿಯ ಹುಡುಗಿ ಬಂದು, "ನೀರಲ್ರಿ ಮೇಡಂ, ನೆಲಾನ ಹಂಗ ಐತ್ರಿ" ಎಂದಳು. ಶಾಂತಾ ನಗುತ್ತ ಕಂಬಕ್ಕೆ ಒರಗಿದಳು. ಅವಳು ಎಷ್ಟು ನಕ್ಕರೂ ನನಗೆ ಬೇಸರವಾಗಲಿಲ್ಲ, ಏಕೆಂದರೆ ನಾನು ನೆಲ ನೋಡುತ್ತಿದ್ದೆ. ಅದು ಒಂದೇ ನೆಲವಾಗಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ಎಲ್ಲಿಯೂ ಒಂದು ಗೆರೆ ಇಲ್ಲ, ಒಂದು ಸಂದಿಲ್ಲ. ಅದನ್ನು ರೆಸಿನ್ ನೆಲ ಅನ್ನುತ್ತಾರೆಂದೂ, ಪಾಕದ ಹಾಗೆ ಸುರಿದು ಹರಡುತ್ತಾರೆಂದೂ ಅವತ್ತೇ ತಿಳಿದುಕೊಂಡೆ. ಸೀರೆ ಕೊಳ್ಳದೆ ಮನೆಗೆ ಬಂದೆ.

ಮುಂದಿನ ಎರಡು ತಿಂಗಳು ನಾನು ಮನೆಯಲ್ಲಿ ಬೇರೆ ಮಾತೇ ಆಡಲಿಲ್ಲವಂತೆ. ಇದು ನನ್ನ ಗಂಡನ ಹೇಳಿಕೆ. "ನೆಲಾ ಅಂದ್ರ ನೆಲಾ. ಅದರ ಮ್ಯಾಲ ನಿಂದರಾಕ ಬರತೈತಿಲ್ಲೋ, ಮುಗೀತು" ಅನ್ನುತ್ತಿದ್ದರು ಅವರು. ಮುಗಿಯಲು ನಾನು ಬಿಡಲಿಲ್ಲ. ಕಡೆಗೆ ಹಾಲ್, ಅಡುಗೆಮನೆಯ ಓಣಿ, ದೇವರ ಮನೆಯ ಮುಂದಿನ ಜಾಗ ಇಷ್ಟಕ್ಕೆ ಅವರು ಹೂಂ ಅಂದರು. ಅತ್ತೆಯ ಒಪ್ಪಿಗೆ ಕೇಳುವುದು ಉಳಿದಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಜೋಳದ ಹಿಟ್ಟು ನಾದುತ್ತ ಕೂತಿದ್ದವರು ಒಂದೇ ಪ್ರಶ್ನೆ ಕೇಳಿದರು.

"ಫರಸಿ ಕಿತ್ತ ಒಗೀತೀರೇನ?"

"ಇಲ್ರಿ ಅತ್ತೀ. ಫರಸಿ ಅಲ್ಲೇ ಇರತಾವ. ಅವುಗಳ ಮ್ಯಾಲೇ ಸುರೀತಾರ."

"ಅಲ್ಲೇ ಇರತಾವಂದ್ರ ಆತ ಬಿಡು. ಮಾಡಸ್ಕೋ."

ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನಾನು ಹಿಗ್ಗಿದೆ. ಆ ಮನೆಯೊಳಗೆ ನಮ್ಮ ಅತ್ತೆ ಯಾರ ಕೈಯನ್ನೂ ಹಿಡಿಯದೆ ಓಡಾಡಿಕೊಂಡಿರುವುದು ಉಳಿಯುತ್ತದೋ ಹೋಗುತ್ತದೋ ಅನ್ನುವುದು ಆ ಒಂದು ಪ್ರಶ್ನೆಯಲ್ಲಿ ಇತ್ತು. ಅವರಿಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಅವರು ಹೇಳಲೂ ಇಲ್ಲ, ಯಾಕೆ ಹೇಳಲಿಲ್ಲ ಅನ್ನುವುದು ಮುಂದೆ ಬರುತ್ತದೆ.

ಕೆಲಸಕ್ಕೆ ಬಂದವನು ಬಾಬಾಜಾನ. ಪುಣೆಯ ಕಡೆ ಔಷಧಿ ಕಾರ್ಖಾನೆಗಳಲ್ಲಿ ಇಂಥ ನೆಲ ಹಾಕಿ ಪಳಗಿದವನು, ಹುಬ್ಬಳ್ಳಿಗೆ ತಿರುಗಿ ಬಂದು ತನ್ನದೇ ಕೆಲಸ ಶುರುಮಾಡಿದ್ದ. ಬಹಳ ಮಾತಿನವನಲ್ಲ. ಆದರೆ ನೆಲದ ವಿಷಯ ಬಂದರೆ ನಿಲ್ಲುತ್ತಿರಲಿಲ್ಲ. "ಎರಡು ಡಬ್ಬಿ ಇರತಾವ್ರಿ ಅಕ್ಕಾರ. ಬ್ಯಾರೆ ಬ್ಯಾರೆ ಇದ್ರ ನೂರು ದಿನಾ ಇಟ್ರೂ ಏನೂ ಆಗಂಗಿಲ್ಲ. ಕೂಡಿಸಿದ್ರೋ, ಅರ್ಧಾ ತಾಸಿನ್ಯಾಗ ಹಚ್ಚಿ ಮುಗಸಬೇಕು. ಆಮ್ಯಾಲೆ ಅದು ನಮ್ಮ ಮಾತ ಕೇಳಂಗಿಲ್ಲ" ಎಂದು ಮೊದಲ ದಿನವೇ ಹೇಳಿದ. ಬಣ್ಣ ಆರಿಸುವ ಕೆಲಸ ನನ್ನದಾಗಿತ್ತು. ಧಾರವಾಡದ ಕೆಲಗೇರಿಯಲ್ಲಿ ನನ್ನ ನಾದಿನಿಯ ಮನೆ ಇದೆ. ಅಲ್ಲಿಯ ಕೆರೆ ಮಧ್ಯಾಹ್ನದ ಹೊತ್ತು ಒಂದು ಥರ ಬೂದಿ ಬೆರೆತ ನೀಲಿಯಾಗಿ ಹೊಳೆಯುತ್ತದೆ. ಅದೇ ಬಣ್ಣ ಬೇಕೆಂದು ಹಟ ಹಿಡಿದೆ. ಬಾಬಾಜಾನ ಕೆರೆ ನೋಡಿರಲಿಲ್ಲ. ಪಾಪ, ನನ್ನ ಸಲುವಾಗಿ ಒಂದು ದಿನ ಬಸ್ಸು ಹಿಡಿದು ಹೋಗಿ ನೋಡಿ ಬಂದ.

ಮೊದಲು ಫರಸಿಯನ್ನು ಉಜ್ಜಿ ತರಿ ಮಾಡಿದರು. ಆಮೇಲೆ ಸಂದುಗಳನ್ನು ತುಂಬಿದರು. ಬಾಬಾಜಾನ ಒಂದು ಅಗಲವಾದ ಕರಣಿ ಹಿಡಿದುಕೊಂಡು, ಬೆಣ್ಣೆ ಸವರುವ ಹಾಗೆ ಒಂದೊಂದೇ ಸಂದನ್ನು ಮುಚ್ಚುತ್ತ ಹೋದ. ನಾನು ಅರ್ಧ ದಿನ ರಜೆ ಹಾಕಿ ನೋಡುತ್ತ ನಿಂತಿದ್ದೆ. ಹದಿಮೂರು ವರ್ಷದ ವೈರಿಗಳು ಕಣ್ಣೆದುರಿಗೇ ಮಣ್ಣಾಗುತ್ತಿರುವುದನ್ನು ನೋಡುವ ಸುಖ ನಿಮಗೆ ಹೇಳಿದರೆ ತಿಳಿಯುವಂಥದ್ದಲ್ಲ. ಮರುದಿನ ಸುರಿಯುವ ಕೆಲಸ. ಅಡಿಯಲ್ಲಿ ಮೊಳೆಗಳಿದ್ದ ಬೂಟು ಹಾಕಿಕೊಂಡು ಅವನು ಹಸಿ ನೆಲದ ಮೇಲೆಯೇ ಕೊಕ್ಕರೆಯಂತೆ ಹೆಜ್ಜೆ ಎತ್ತೆತ್ತಿ ಇಡುತ್ತಿದ್ದ. ಕಡೆಗೆ ಬಿಳಿ ಮತ್ತು ತಾಮ್ರದ ಬಣ್ಣದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು ಮದುವೆಯಲ್ಲಿ ಅಕ್ಷತೆ ಹಾಕಿದ ಹಾಗೆ ಎಸೆದ. ಬಾಗಿಲಾಚೆ ನಿಂತ ನನಗೆ ಕೈ ಮುಗಿಯಬೇಕು ಅನ್ನಿಸಿತು.

ನೆಲ ಗಟ್ಟಿಯಾಗುವ ತನಕ ಐದು ದಿನ ನಾವು ಕೆಲಗೇರಿಯ ನಾದಿನಿಯ ಮನೆಯಲ್ಲಿದ್ದೆವು. ಅಲ್ಲಿ ಅತ್ತೆ ಒಂದು ಮಂಚದ ಮೇಲೆ ಕೂತವರು ಏಳಲೇ ಇಲ್ಲ. ಮೊದಲೆಲ್ಲ ಮಗಳ ಮನೆಗೆ ಬಂದರೆ ಬುಟ್ಟಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಪುಂಡಿಪಲ್ಯ ಕೀಳುತ್ತಿದ್ದವರು. "ಮಣಕಾಲ ಹಿಡದಾವ" ಎಂದರು. ಮೊಣಕಾಲಿಗೆ ನಾನು ಎಣ್ಣೆ ತಿಕ್ಕಿಕೊಟ್ಟೆ. ತಿಕ್ಕಿಸಿಕೊಂಡರು.

ಆರನೆಯ ದಿನ ಮನೆಗೆ ಬಂದು ಬೀಗ ತೆಗೆದೆವು. ನಿಜ ಹೇಳುತ್ತೇನೆ, ನನಗೆ ಕಣ್ಣೀರು ಬಂತು. ಕೆಲಗೇರಿ ಕೆರೆ ನಮ್ಮ ಹಾಲಿನಲ್ಲಿತ್ತು. ಗಂಡ ಕೂಡ "ಛಲೋ ಆಗೇತಿ ಬಿಡು" ಎಂದರು. ಅವರ ಬಾಯಿಂದ ಅದೇ ದೊಡ್ಡ ಮಾತು. ಅತ್ತೆ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟರು, ನಿಂತರು. ಇನ್ನೊಂದು ಇಟ್ಟರು, ನಿಂತರು. ಆಮೇಲೆ ಎಡಗೈಯನ್ನು ಗೋಡೆಗೆ ಹಚ್ಚಿ, ಗೋಡೆಯ ಗುಂಟ ಸುತ್ತು ಹಾಕಿ ತಮ್ಮ ಕೋಣೆ ಸೇರಿದರು.

ಮುಂದೆಯೂ ದಿನಾ ಹಾಗೆಯೇ. ನಡುವೆ ಹಾದು ಹೋದರೆ ಹತ್ತು ಹೆಜ್ಜೆ ಇರುವುದನ್ನು ಗೋಡೆ ಹಿಡಿದು ಇಪ್ಪತ್ತೈದು ಮಾಡುತ್ತಿದ್ದರು. "ಜಾರಂಗಿಲ್ರಿ ಅತ್ತೀ, ನಡೂ ಬರ್ರಿ" ಎಂದು ನಾನು ಎಷ್ಟು ಸಲ ಹೇಳಿದೆನೋ. "ಹೂಂನವ್ವಾ" ಎಂದು ಮತ್ತೆ ಗೋಡೆ ಹಿಡಿಯುತ್ತಿದ್ದರು. ಹೊಸದಾಗಿ ಬಳಿದ ಗೋಡೆಯ ಮೇಲೆ ಅವರ ಎಡಗೈಯ ಎತ್ತರಕ್ಕೆ ಮಬ್ಬು ಮಬ್ಬಾದ ಒಂದು ಪಟ್ಟಿ ಬಿತ್ತು. ಇದು ಬೇಕಂತಲೇ ನಡೆಸಿದ ಸತ್ಯಾಗ್ರಹ ಎಂದು ನಾನು ತೀರ್ಮಾನ ಮಾಡಿಕೊಂಡೆ. ಮಾತಿನಲ್ಲಿ ಬೇಡ ಅನ್ನದೆ ನಡೆಯುವುದರಲ್ಲಿ ಬೇಡ ಅನ್ನುತ್ತಿದ್ದಾರೆ. ಸೊಸೆಯಾದವಳ ತಲೆ ಇಂಥ ವಿಷಯಗಳಲ್ಲಿ ಬಹಳ ಚುರುಕಾಗಿ ಓಡುತ್ತದೆ. ಎರಡು ವಾರ ನಾನೂ ಮುಖ ಊದಿಸಿಕೊಂಡೇ ಇದ್ದೆ.

ಆಮೇಲೆ ಒಂದು ಶುಕ್ರವಾರ ಸಂಜೆ ಶಾಂತಾ ಮತ್ತು ಇನ್ನೂ ನಾಲ್ಕು ಜನ ಕಚೇರಿಯವರು ನೆಲ ನೋಡಲು ಬಂದರು. ಹೌದು, ನೆಲ ನೋಡಲೆಂದೇ ಬಂದರು. ನಾನು ಅವಲಕ್ಕಿ ಹಚ್ಚಿ, ಎರಡೂ ಟ್ಯೂಬ್‌ಲೈಟ್ ಹೊತ್ತಿಸಿ ಕಾಯುತ್ತಿದ್ದೆ. ನೆಲ ಹೊಳೆಯಿತು ಅಂದರೆ ಹೊಳೆಯಿತು. ಮೇಲೊಂದು ಟ್ಯೂಬ್‌ಲೈಟ್, ಕೆಳಗೆ ನೆಲದೊಳಗೆ ಇನ್ನೊಂದು. ಎಲ್ಲರೂ ಕೊಂಡಾಡುತ್ತಿದ್ದರು. ನಾನು ಬಾಬಾಜಾನನ ಎರಡು ಡಬ್ಬಿಯ ಕಥೆಯನ್ನು ನನ್ನದೇ ಎಂಬಂತೆ ಹೇಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ದೇವರ ಮನೆಯಿಂದ ದೀಪ ಹಿಡಿದು ಹೊರಗೆ ಬಂದರು. ಸಂಜೆ ದೇವರ ಮುಂದೆ ಹಚ್ಚಿದ ದೀಪವನ್ನು ಹಾಲಿನ ನಡುವಿನಿಂದ ಹಾಯಿಸಿ ತಂದು ತುಳಸಿಯ ಮುಂದೆ ಇಡುವುದು ಅವರು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದದ್ದು. ಎರಡೂ ಕೈಯಲ್ಲಿ ದೀಪದ ತಟ್ಟೆ ಹಿಡಿದರೆ ಗೋಡೆ ಹಿಡಿಯಲು ಕೈ ಇರುವುದಿಲ್ಲ. ದಿನಾ ನಾನು ಅಡುಗೆಮನೆಯಲ್ಲಿರುವ ಹೊತ್ತದು. ದೀಪ ಹಿಡಿದು ಹೊಸ ನೆಲವನ್ನು ಅವರು ಹೇಗೆ ದಾಟುತ್ತಿದ್ದರೆಂದು ನಾನು ನೋಡಿಯೇ ಇರಲಿಲ್ಲ.

ನಾಲ್ಕು ಹೆಜ್ಜೆ ಬಂದರು. ಐದನೆಯದು ಸ್ವಲ್ಪ ಬಲಕ್ಕೆ ಬಿತ್ತು, ಆರನೆಯದು ಇನ್ನೂ ಬಲಕ್ಕೆ. ಬಾಗಿಲ ಕಡೆ ಹೋಗಬೇಕಾದವರು ಹಾಲಿನ ನಟ್ಟನಡುವೆ, ಯಾವ ಕಡೆಯೂ ಅಲ್ಲದ ದಿಕ್ಕಿಗೆ ಮುಖ ಮಾಡಿ ನಿಂತುಬಿಟ್ಟರು.

"ಸುಮಿತ್ರಾ, ನಾ ಎಲ್ಲೆ ನಿಂತೇನಿ?"

ಮೆಲ್ಲಗೆ ಕೇಳಿದರು. ಜನರ ಮುಂದೆ ನನ್ನ ನೆಲವನ್ನು ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಚುರ್ ಅಂದಿತು. ನಾನೂ ಬಿಡಲಿಲ್ಲ.

"ಕೆಲಗೇರಿ ಕೆರಿ ನಡೂ ನಿಂತೀರಿ ಅತ್ತೀ. ಈಸಾಕ ಬರತೈತಿಲ್ರಿ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅತ್ತೆಯೂ ಒಂದಿಷ್ಟು ನಕ್ಕರು. ತಟ್ಟೆ ವಾಲಿ ದೀಪದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು. ನಾನು ನೋಡಿದ್ದು ಅದನ್ನು, ಎಣ್ಣೆಯ ಹನಿಯನ್ನು. ಇದನ್ನು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಓಡಿ ಹೋಗಿ ಅರಿವೆ ತಂದು ನೆಲ ಒರೆಸಲು ಅವರ ಕಾಲ ಬಳಿ ಕೂತೆ. ಆಗ ಅವರ ಪಾದಗಳು ಕಂಡವು. ಹತ್ತೂ ಬೆರಳುಗಳು ಆ ನುಣುಪಾದ ನೆಲವನ್ನು ಒತ್ತಿ ಒತ್ತಿ, ಹಿಂದೆ ಮುಂದೆ ಸರಿದು ಏನನ್ನೋ ಹುಡುಕುತ್ತಿದ್ದವು. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನಾನು ಅಲ್ಲಿ ಕೂತಿರುವುದೇ ಅವರಿಗೆ ಗೊತ್ತಿರಲಿಲ್ಲ.

ದೀಪವನ್ನು ಅವರ ಕೈಯಿಂದ ತೆಗೆದುಕೊಂಡು, ತೋಳು ಹಿಡಿದು ಬಾಗಿಲಿಗೆ ಕರೆದುಕೊಂಡು ಹೋದೆ. ಬಂದವರು ಹೇಗೆ ಎದ್ದು ಹೋದರೋ ನೆನಪಿಲ್ಲ.

ಆಮೇಲೆ ತುಳಸಿಕಟ್ಟೆಯ ಪಕ್ಕದಲ್ಲಿ ಕೂತು ಅವರೇ ಹೇಳಿದರು. ಅವರ ದನಿಯಲ್ಲಿ ಅಳು ಇರಲಿಲ್ಲ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಸಣ್ಣ ನಾಚಿಕೆಯಿತ್ತು.

"ಮೂರು ವರ್ಷಾತು. ನಡುವ ಒಂದೀಟ ಕಾಣಸ್ತೈತಿ. ಊದುಗೊಳವ್ಯಾಗಿಂದ ನೋಡಿದಂಗ. ನಿನ್ನ ಮಾರಿ ನೋಡಿದ್ರ ಮಾರಿ ಅಷ್ಟ ಕಾಣಸ್ತೈತಿ, ಕೈ ಕಾಣಸಂಗಿಲ್ಲ. ಸಂಜಿ ಆತಂದ್ರ ಅದೂ ಇಲ್ಲ."

"ಮತ್ತ ಇಷ್ಟ ದಿನಾ ಹೆಂಗ ಅಡ್ಡಾಡಿದ್ರಿ?"

"ಫರಸಿ ಇದ್ದುವಲ್ಲ. ದೇವರ ಮನಿಯಿಂದ ಬಾಗಲಕ್ಕ ಹನ್ನೊಂದ ಸಂದು. ಆರನೇ ಫರಸಿ ಮೂಲಿ ಒಡದೈತಿ, ಅಲ್ಲೆ ತಿರಗಿದ್ರ ಅಡಗಿಮನಿ. ಕಾಲಿಗೆ ಎಲ್ಲಾ ಗೊತ್ತಿತ್ತು. ಕಣ್ಣು ಬೇಕಾಗಿದ್ದೇ ಇಲ್ಲ."

"ಒಂದ ಮಾತ ಹೇಳಬಾರದೇನ್ರಿ ಅತ್ತೀ? ನಾ ನೆಲದ ಸುದ್ದಿ ತಗದಾಗರ ಹೇಳಬಾರದಿತ್ತೇನು?"

"ಹೇಳಿದ್ರ ನೀವು ಕುಂದರಸ್ತಿದ್ರಿ. ನಮ್ಮವ್ವಗೂ ಹಿಂಗ ಆಗಿತ್ತು. ಕಣ್ಣ ಹೋದುವು ಅಂತ ಮೂಲ್ಯಾಗ ಕುಂದರಿಸಿ ಊಟದ ಗಂಗಾಳ ಮುಂದ ಇಟ್ರು. ಒಂಬತ್ತ ವರ್ಷ ಅಲ್ಲೇ ಕುಂತಳು. ರೊಟ್ಟಿ ಬಡಿಯೂದು ನನ್ನ ಕೈಯಿಂದ ಬಿಡಸಬಾರದು ಅಂತ ಸುಮ್ಮನಿದ್ನಿ. ಫರಸಿ ಅಲ್ಲೇ ಇರತಾವ ಅಂದ್ಯಲ್ಲ ನೀ, ಇದ್ರ ಸಾಕು ಅಂದುಕೊಂಡ್ನಿ."

ಮರುದಿನವೇ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದೆವು. ಕಣ್ಣಿನೊಳಗೆ ಒತ್ತಡ ಏರಿ ಏರಿ ಸುತ್ತಲಿನ ದೃಷ್ಟಿಯನ್ನು ತಿಂದುಹಾಕಿದೆ, ಹೋದದ್ದು ತಿರುಗಿ ಬರುವುದಿಲ್ಲ, ದಿನಾ ತಪ್ಪದೆ ಔಷಧಿ ಬಿಟ್ಟರೆ ಉಳಿದದ್ದನ್ನು ಉಳಿಸಬಹುದು ಎಂದರು ಡಾಕ್ಟರು. ಇನ್ನು ಒಂದು ವರ್ಷ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲವಂತೆ. ಈ ಮಾತನ್ನು ಹಿಡಿದುಕೊಂಡು ಬಂದವರೆಲ್ಲ ನನಗೆ ಸಮಾಧಾನ ಹೇಳಿದರು. ನೀನು ನೆಲ ಮಾಡಿಸಿದ್ದಕ್ಕೇ ಗೊತ್ತಾಯಿತು, ಒಳ್ಳೆಯದೇ ಆಯಿತು ಎಂದು. ಅದು ಸುಳ್ಳೇನಲ್ಲ. ನಾನೂ ಕೆಲವು ದಿನ ಅದನ್ನೇ ಹೇಳಿಕೊಂಡು ನೋಡಿದೆ. ಆದರೆ ನಕ್ಕದ್ದು ನಾನೇ ಅಲ್ಲವೇ? ಒಳ್ಳೆಯದಾಯಿತು ಅನ್ನುವವರು ಯಾರೂ ಆ ನಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಬೇಕು. ಅತ್ತೆ ಯಾವುದಕ್ಕೆ ಹೆದರಿದ್ದರೋ ಅದನ್ನೇ ನಾವು ಮಾಡಿದೆವು. ಗಂಡ ಪ್ಲಾಸ್ಟಿಕ್ಕಿನ ತೋಳುಕುರ್ಚಿಯೊಂದನ್ನು ತಂದು ಹಾಲಿನ ಮೂಲೆಯಲ್ಲಿಟ್ಟರು. "ಅವ್ವಾ, ಏನ ಬೇಕಾದ್ರೂ ಕೂಗು, ನೀ ಏಳಬ್ಯಾಡ" ಎಂದರು. ಪ್ರೀತಿಯಿಂದಲೇ ಅಂದದ್ದು. ನಾನು ಚಹಾ ಕೈಗೆ ಕೊಟ್ಟೆ, ಊಟ ಕೈಗೆ ಕೊಟ್ಟೆ, ಔಷಧಿ ಕಣ್ಣಿಗೆ ಬಿಟ್ಟೆ. ಸಂಜೆಯ ದೀಪವನ್ನೂ ನಾನೇ ಒಯ್ದಿಟ್ಟೆ. ರೊಟ್ಟಿ ನಾನು ಬಡಿದೆ. ನನ್ನ ರೊಟ್ಟಿ ನಡುವೆ ದಪ್ಪ, ಅಂಚಿಗೆ ಹರಕು. ಅತ್ತೆ ಅದನ್ನು ಮುರಿದು ಬಾಯಿಗಿಟ್ಟು, "ಛಲೋ ಆಗ್ಯಾವ" ಅನ್ನುತ್ತಿದ್ದರು. ಹಲ್ಲುಜ್ಜುವ ಬ್ರಶ್ಶಿನ ಬಗ್ಗೆ ತಮಾಷೆ ಮಾಡಿದ ಆ ಬಾಯಿ ನನ್ನ ರೊಟ್ಟಿಯ ಬಗ್ಗೆ ಒಂದು ಕುಚೋದ್ಯದ ಮಾತನ್ನೂ ಆಡಲಿಲ್ಲ. ಮೂರು ವಾರದಲ್ಲಿ ಅವರು ನಮ್ಮ ಮನೆಗೆ ಬಂದ ಒಬ್ಬ ನೆಂಟರಂತೆ ಆಗಿಬಿಟ್ಟರು.

ನನ್ನಿಂದ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಗಂಡನಿಗೆ ಹೇಳಿದೆ, "ಈ ನೆಲಾ ಒಡಸ್ರಿ."

ಅವರು ಪೇಪರಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. "ಖರೇ ಅಂತೀಯೇನ?"

"ಖರೇನ. ಬಾಬಾಜಾನಗ ಬರಾಕ ಹೇಳ್ರಿ."

ಬಾಬಾಜಾನ ಬಂದ. ಎಲ್ಲವನ್ನೂ ಕೇಳಿದ. ಸುಮಾರು ಹೊತ್ತು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ತಾನು ಸುರಿದ ಕೆರೆಯನ್ನು ನೋಡಿದ. ಒಡೆದರೆ ಫರಸಿಯೂ ಜೊತೆಗೆ ಏಳುತ್ತದೆ ಎಂದ. ಹಾಗಾದರೆ ಸಂದು ಇದ್ದಲ್ಲೆಲ್ಲ ಕೊರೆದುಬಿಡು ಎಂದೆ. "ಕೊರದ್ರ ಗೆರ್ಯಾಗ ನೀರ ಇಳದು ಎಲ್ಲಾ ಎದ್ದ ಬರತೈತ್ರಿ ಅಕ್ಕಾರ" ಎಂದು ತಲೆ ಕೆರೆದುಕೊಂಡ. ಕೆರೆದುಕೊಳ್ಳುತ್ತಲೇ ಎದ್ದು ನಿಂತ. "ಕೊರಿಯೂದು ಬ್ಯಾಡ್ರಿ. ಏರಸೂಣು."

ಅವನ ಉಪಾಯ ಹೀಗಿತ್ತು. ಸಂದು ಇದ್ದಲ್ಲಿ ಎರಡೂ ಬದಿಗೆ ಟೇಪು ಅಂಟಿಸಿ, ನಡುವೆ ಬೆರಳಗಲ ಅದೇ ರೆಸಿನ್ ಸವರಿ, ಹಸಿಯಿರುವಾಗಲೇ ಮೇಲೆ ಸಣ್ಣ ಉಸುಕು ಉದುರಿಸುವುದು. ಟೇಪು ಕಿತ್ತರೆ ತರಿತರಿಯಾದ ಒಂದು ಗೆರೆ ಉಳಿಯುತ್ತದೆ. ಕಾರ್ಖಾನೆಯ ಮೆಟ್ಟಿಲುಗಳ ಮೇಲೆ ಜಾರದಿರಲಿ ಎಂದು ಹಾಗೆ ಮಾಡುತ್ತಾರಂತೆ. ಮೊದಲು ಒಂದೇ ಒಂದು ಗೆರೆ ಎಳೆದು ಮರುದಿನ ಬಂದು ಅತ್ತೆಯನ್ನು ಅದರ ಮೇಲೆ ನಿಲ್ಲಿಸಿದ. "ಕಾಲಿಗೆ ಹತ್ತತೈತೇನ್ರಿ ಅಮ್ಮಾರ?"

ಅತ್ತೆ ಹೆಬ್ಬೆರಳಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. "ಹತ್ತತೈತಪಾ. ಆದ್ರ ಇದು ನಾಲ್ಕ ಬೆರಳ ಆ ಕಡೆ ಇರಬೇಕಿತ್ತು" ಎಂದರು.

ಬಾಬಾಜಾನ ನಂಬಲಿಲ್ಲ. ಪಕ್ಕದ ಸಾಮಾನಿನ ಕೋಣೆಗೆ ನಾವು ಹೊಸ ನೆಲ ಹಾಕಿಸಿರಲಿಲ್ಲ, ಅಲ್ಲಿ ಹಳೆಯ ಫರಸಿ ಹಾಗೆಯೇ ಇತ್ತು. ಅಲ್ಲಿಯ ಸಂದಿನಿಂದ ದಾರ ಹಿಡಿದು ಹಾಲಿಗೆ ಎಳೆದು ನೋಡಿದ. ನಾಲ್ಕು ಬೆರಳು ಆ ಕಡೆಗೇ ಬಂತು. ಅವತ್ತಿನಿಂದ ಅವನು ಅಳತೆಪಟ್ಟಿ ಬದಿಗಿಟ್ಟ. ಅತ್ತೆ ಆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು, ಒಂದು ಕೈ ನನ್ನ ಭುಜದ ಮೇಲಿಟ್ಟುಕೊಂಡು ನಡೆದು ತೋರಿಸುತ್ತ ಹೋದರು. ಇಲ್ಲೊಂದು, ಇದು ಸೊಟ್ಟ, ಇಲ್ಲಿ ಒಡದಿತ್ತು, ಇದು ಹೊರಗಿನ ಬಾಗಲದ ಫರಸಿ. ಅವನು ಹಿಂದೆ ಹಿಂದೆ ಸೀಮೆಸುಣ್ಣ ಹಿಡಿದು ಗುರುತು ಹಾಕಿದ. ಹದಿಮೂರು ವರ್ಷ ಬ್ರಶ್ ಹಿಡಿದು ಉಜ್ಜಿದ್ದ ಆ ಸಂದುಗಳಲ್ಲಿ ಯಾವುದು ಸೊಟ್ಟ, ಯಾವುದು ನೆಟ್ಟಗೆ ಎಂದು ನನ್ನನ್ನು ಕೇಳಿದ್ದರೆ ಒಂದನ್ನೂ ಹೇಳಲು ಬರುತ್ತಿರಲಿಲ್ಲ.

ಎರಡು ದಿನ ಕೆಲಸ ನಡೆಯಿತು. ನನ್ನ ಕೆರೆಯ ಮೇಲೆ ಉಸುಕಿನ ಗೆರೆಗಳು ಎದ್ದವು. ನೋಡಲು ಚೆಂದ ಕಾಣುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಅತ್ತೆ ಅಡುಗೆಮನೆಗೆ ಹೋಗಿ ಬಂದರು, ದೇವರ ಮನೆಗೆ ಹೋಗಿ ಬಂದರು. ಗೋಡೆಗೆ ಕೈ ಹಚ್ಚಲಿಲ್ಲ. ಎರಡನೆಯ ದಿನ ಸಂಜೆಯ ಹೊತ್ತಿಗೆ ಹನ್ನೊಂದನೆಯ ಗೆರೆ ಮುಗಿಸಿ ಬಾಬಾಜಾನ ಡಬ್ಬಿ ಮುಚ್ಚುವುದರಲ್ಲಿದ್ದ.

"ತಡೀಪಾ, ಇನ್ನೊಂದ ಗೆರಿ ಉಳದೈತಿ" ಎಂದರು ಅತ್ತೆ. "ದೇವರ ಮನಿ ಬಾಗಲದಿಂದ ಆ ಕಿಡಕಿತನಕ ಎಳಿ."

"ಆ ಕಡೆ ಸಂದ ಇದ್ದಿದ್ದೇ ಇಲ್ಲಲ್ರಿ ಅಮ್ಮಾರ. ಬರೇ ಸಿಮೆಂಟ್ ಇತ್ತು, ನಾನ ನೋಡೇನಿ" ಎಂದ ಅವನು. ನಿಜವೇ. ಹಿಂದೊಮ್ಮೆ ಅಡ್ಡಗೋಡೆ ಒಡೆದು ಹಾಲ್ ದೊಡ್ಡದು ಮಾಡಿದಾಗ ಆ ಭಾಗಕ್ಕೆ ಫರಸಿ ಸಿಗದೆ ಸಿಮೆಂಟು ಬಳಿದಿದ್ದರು.

"ಗೊತ್ತೈತಿ. ಹೊಸಾದು ಎಳಿ."

ಕಿಟಕಿಯ ಹತ್ತಿರ ಇರುವುದು ನನ್ನ ಬೆತ್ತದ ಕುರ್ಚಿಯೊಂದೇ. ಕಚೇರಿಯಿಂದ ಬಂದು ಚಹಾ ಹಿಡಿದುಕೊಂಡು ಅರ್ಧ ತಾಸು ಪೇಪರ್ ಓದುತ್ತ ಕೂಡುವ ಜಾಗ ಅದು. "ಅಲ್ಲೇನ ಕೆಲಸ ಐತ್ರಿ ಅತ್ತೀ ನಿಮಗ?" ಎಂದು ಕೇಳಿದೆ.

"ನೀ ಕುಂದರತೀಯಲ್ಲವಾ ಅಲ್ಲೆ, ಸಂಜಿಮುಂದ. ಮೊದಲ ನಾನೂ ಬಂದು ನಿನ್ನ ಬಾಜೂಕ ಕುಂದರತಿದ್ನಿ, ಆ ಮಾತು ಈ ಮಾತು ಆಡಕೊಂತ. ಆ ಕಡೆ ಕಾಲಿಗೆ ಗುರುತು ಸಿಗವಲ್ತು ಅಂತ ಬರೂದು ಬಿಟ್ನಿ. ಮೂರು ವರ್ಷಾತು."

ಬಾಬಾಜಾನ ಮತ್ತೆ ಡಬ್ಬಿ ತೆರೆದು, ಮೊಣಕಾಲೂರಿ ಕೂತು ಕಿಟಕಿಯ ಕಡೆಗೆ ಟೇಪು ಅಂಟಿಸತೊಡಗಿದ. ನಾನು ಚಹಾಕ್ಕೆ ನೀರಿಡುವ ನೆವ ಮಾಡಿಕೊಂಡು ಒಳಗೆ ಹೋದೆ. ಮೂರು ವರ್ಷ ಸಂಜೆ ನನ್ನ ಪಕ್ಕ ಯಾರೂ ಬಂದು ಕೂತಿರಲಿಲ್ಲ. ಅದು ನನಗೆ ಗೊತ್ತಾದದ್ದು ಅವತ್ತೇ.